ಅತಿಥಿಗಳು ತೋರಿಸಿದ ಶಿಕಾಗೋ

ಊರಿನಿಂದ ಅಪ್ಪ-ಅಮ್ಮನೋ ಅಣ್ಣ-ಅತ್ತಿಗೆಯೋ ಬಂದರೆ ಅವರಿಗೆ ಶಿಕಾಗೋ ತೋರಿಸುವ ನಮ್ಮೆಲ್ಲರ ಪಟ್ಟಿ ಬಹುಮಟ್ಟಿಗೆ ಒಂದೇ. ಶನಿವಾರ ಮಿಲೇನಿಯಂ ಪಾರ್ಕಿನ 'ಬೀನ್' ಎದುರು ಒಂದು ಫೋಟೋ, ನಾವಿನ್ನೂ ಸಿಯರ್ಸ್ ಟವರ್ ಎಂದೇ ಕರೆಯುವ ವಿಲ್ಲಿಸ್ ಟವರಿನ ಮೇಲೆ ಇನ್ನೊಂದು ಫೋಟೋ, ನದಿಯಲ್ಲಿ ದೋಣಿ ವಿಹಾರ, ಬರುವಾಗ ಡೆವನ್ ಅವೆನ್ಯೂನಲ್ಲಿ ಚಾಟ್ ಮತ್ತು ವಾರದ ತರಕಾರಿ. ಭಾನುವಾರ ಲೆಮಾಂಟ್ ದೇವಸ್ಥಾನ, ದರ್ಶನವಾದ ಮೇಲೆ ದೋಸೆ. ಮುಗಿಯಿತು. ವಿಮಾನ ಹತ್ತುವಾಗ ಅವರು "ನಿಮ್ಮ ಊರು ಬಹಳ ಚೆನ್ನಾಗಿದೆಯಪ್ಪ" ಎನ್ನುತ್ತಾರೆ. ನಾವೂ ತಲೆಯಾಡಿಸುತ್ತೇವೆ. ಆದರೆ ಮೂವತ್ತು ಮೈಲಿ ದೂರದ ನೇಪರ್‌ವಿಲ್‌ನಲ್ಲಿದ್ದುಕೊಂಡು, ಹೆದ್ದಾರಿಯ ಕಿಟಕಿಯಿಂದ ಕಂಡದ್ದಷ್ಟನ್ನೇ 'ನಮ್ಮ ಊರು' ಎನ್ನಬಹುದೇ? ಈ ಪ್ರಶ್ನೆ ಹಿಡಿದುಕೊಂಡೇ ನಾನು ಐವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾದೆ.

ಮೈಸೂರಿನಲ್ಲಿ ಎಂ.ಬಿ.ಬಿ.ಎಸ್., ಎಂ.ಡಿ. ಮುಗಿಸಿ 1998ರಲ್ಲಿ ಇಲ್ಲಿಗೆ ರೆಸಿಡೆನ್ಸಿಗೆ ಬಂದವನು ನಾನು. ಮಗಳು ಕಾಲೇಜಿಗೆ ಹೊರಟ ಮೇಲೆ ನನ್ನ ಮಂಗಳವಾರದ ಸಂಜೆಗಳು ಖಾಲಿ ಬಿದ್ದವು. "ಸೋಫಾ ಮೇಲೆ ಕೂತು ನ್ಯೂಸ್ ನೋಡಿ ಬಿ.ಪಿ. ಏರಿಸಿಕೊಳ್ಳೋ ಬದಲು ಯಾವುದಾದರೂ ಕ್ಲಾಸಿಗೆ ಸೇರಿಕೊಳ್ಳಿ" ಎಂದಳು ನನ್ನವಳು. ಹೀಗೆ 2025ರ ವಸಂತದ ಸೆಮಿಸ್ಟರಿನಲ್ಲಿ ಒಂದು ಕಮ್ಯುನಿಟಿ ಕಾಲೇಜಿನ ಸಂಜೆ ತರಗತಿಗೆ ಹೆಸರು ಕೊಟ್ಟೆ. ವಿಷಯ, ನಗರ ಅಧ್ಯಯನ. ಹದಿನೆಂಟು ಜನ ಸಹಪಾಠಿಗಳು. ಹೆಚ್ಚಿನವರು ನನ್ನ ಮಗಳ ವಯಸ್ಸಿನವರು. ಒಬ್ಬರು ಸಿಟಿ ಬಸ್ ಡ್ರೈವರ್, ಇನ್ನೊಬ್ಬರು ನರ್ಸ್. ಎಲ್ಲರಿಗಿಂತ ಹಿರಿಯ ನಾನೇ. ಮೊದಲ ದಿನ ಒಳಗೆ ಕಾಲಿಟ್ಟಾಗ ಇಬ್ಬರು ಹುಡುಗರು ನನ್ನನ್ನೇ ಮೇಷ್ಟ್ರು ಎಂದುಕೊಂಡು ಫೋನು ಒಳಗಿಟ್ಟರು!

ಈ ತರಗತಿಯಲ್ಲಿ ಪಠ್ಯಪುಸ್ತಕಕ್ಕಿಂತ ಅತಿಥಿಗಳದ್ದೇ ದರ್ಬಾರು. ಎರಡು ವಾರಕ್ಕೊಮ್ಮೆ ಊರನ್ನು ಬಲ್ಲವರೊಬ್ಬರು ಬಂದು ಒಂದು ಗಂಟೆ ಮಾತಾಡುತ್ತಿದ್ದರು. ಮುಂದಿನ ಭಾನುವಾರ ರಾತ್ರಿಯೊಳಗೆ ನಾವು ಒಂದು ಪುಟದ 'ರಿಫ್ಲೆಕ್ಷನ್' ಬರೆದು ಕೊಡಬೇಕು. ಈ ಪದಕ್ಕೆ ಕನ್ನಡದಲ್ಲಿ ಏನು ಹೇಳುವುದು ಎಂದು ನಾನು ಯೋಚಿಸಿದ್ದುಂಟು. ಪ್ರತಿಬಿಂಬ ಎಂದರೆ ಕನ್ನಡಿಯ ಮಾತಾಯಿತು. ನಮ್ಮ ಹಿರಿಯರು ಶ್ರವಣ, ಮನನ, ನಿದಿಧ್ಯಾಸನ ಎಂದರಲ್ಲ, ಅದರಲ್ಲಿಯ ಮನನವೇ ಸರಿ ಎನ್ನಿಸಿತು. ಆದರೆ ಶ್ರವಣವಿಲ್ಲದೆ ಮನನವಿಲ್ಲ. ನಮ್ಮ ಪ್ರೊಫೆಸರಮ್ಮನ ಮೂರು ನಿಯಮಗಳೂ ಅದನ್ನೇ ಹೇಳುತ್ತಿದ್ದವು. ಮೊದಲ ಪ್ಯಾರಾದಲ್ಲಿ ಅತಿಥಿ ಹೇಳಿದ್ದೇನು ಎಂಬುದು, ನಮ್ಮ ಉಪ್ಪು-ಖಾರ ಬೆರೆಸದೆ. ಎರಡನೆಯದರಲ್ಲಿ ಅದರಲ್ಲಿ ಒಂದು ಸಂಗತಿಯನ್ನಾದರೂ ನಾವೇ ಹೋಗಿ ನೋಡಿದ ಅಥವಾ ಹುಡುಕಿ ಓದಿದ ವಿವರ. ಮೂರನೆಯದರಲ್ಲಿ ನಮ್ಮಲ್ಲಿ ಉಳಿದ ಪ್ರಶ್ನೆ. "ಉಪನ್ಯಾಸ ಅದ್ಭುತವಾಗಿತ್ತು", "ನನ್ನ ಕಣ್ಣು ತೆರೆಸಿತು" ಎಂಬಂಥ ವಾಕ್ಯಗಳ ಮೇಲೆ ಕೆಂಪು ಗೆರೆ ಗ್ಯಾರಂಟಿ.

ನನಗೆ ಇದು ಹೊಸದೇನೂ ಅಲ್ಲ ಎನ್ನಿಸಿತು. ವಾರ್ಡಿನಲ್ಲಿ ನಾವು ಬರೆಯುತ್ತಿದ್ದ ಕೇಸ್ ಶೀಟೂ ಇದೇ ತಾನೆ? ಮೊದಲು ರೋಗಿ ಅವರ ಮಾತಿನಲ್ಲಿ ಹೇಳಿದ್ದು, ಆಮೇಲೆ ನಾವು ಕೈಯಿಟ್ಟು ಪರೀಕ್ಷಿಸಿದ್ದು, ಕೊನೆಗೆ ನಮ್ಮ ಅಂದಾಜು. ಇಲ್ಲಿ ರೋಗಿಯ ಜಾಗದಲ್ಲಿ ಒಂದು ಊರು ಇತ್ತು, ಅಷ್ಟೇ.

ಮೊದಲ ಅತಿಥಿ ನಗರದ ಒಳಚರಂಡಿ ಕೆಲಸದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದ ಎಂಜಿನಿಯರ್. ಅವರು ಹೇಳಿದ್ದು ಶಿಕಾಗೋ ನದಿಯನ್ನು ಹಿಂದುಮುಂದಾಗಿ ಹರಿಸಿದ ಕತೆ. ಊರಿಗೆ ಕುಡಿಯುವ ನೀರು ಮಿಷಿಗನ್ ಸರೋವರದ್ದು. ಊರಿನ ಹೊಲಸು ಹೊತ್ತ ನದಿ ಹೋಗಿ ಬೀಳುತ್ತಿದ್ದದ್ದೂ ಅದೇ ಸರೋವರಕ್ಕೆ. 1891ರಲ್ಲಿ ಟೈಫಾಯ್ಡ್ ಒಂದರಿಂದಲೇ ಸುಮಾರು 2,000 ಜನ ಸತ್ತರು. 1889ರಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಹುಟ್ಟಿತು. 28 ಮೈಲಿ ಉದ್ದದ ಕಾಲುವೆ ತೋಡಿ, 1900ರ ಜನವರಿಯಲ್ಲಿ ನೀರು ಬಿಟ್ಟರು. ಸರೋವರಕ್ಕೆ ಬೀಳುತ್ತಿದ್ದ ನದಿ ಬೆನ್ನು ತಿರುಗಿಸಿ ಡೆಸ್ ಪ್ಲೇನ್ಸ್, ಇಲಿನಾಯ್ ನದಿಗಳ ಮೂಲಕ ಮಿಸಿಸಿಪಿಯ ಕಡೆ ಹೊರಟಿತು.

ಈ ಕತೆಗೆ ಒಂದು ಬಾಲವಿದೆ. 1885ರ ದೊಡ್ಡ ಮಳೆಯಲ್ಲಿ ಕೊಳಚೆ ಸರೋವರಕ್ಕೆ ನುಗ್ಗಿ ಕಾಲರಾ ಬಂದು 90,000 ಜನ ಸತ್ತರು ಎಂದು ಎಷ್ಟೋ ಕಡೆ ಬರೆದಿದ್ದಾರೆ. ಎಂಜಿನಿಯರ್ ಸಾಹೇಬರು ನಗುತ್ತಾ ಕೇಳಿದರು: ಆಗಿನ ಜನಸಂಖ್ಯೆಗೆ ಅದು ಎಂಟರಲ್ಲಿ ಒಬ್ಬರು ಸತ್ತ ಲೆಕ್ಕ, ಅಷ್ಟು ಹೆಣಗಳನ್ನು ಎಲ್ಲಿ ಹೂಳಿದರು? ಮಳೆ ಬಂದದ್ದು ನಿಜ. ಆ ಕಾಲರಾ ಮಾತ್ರ ಬರಲೇ ಇಲ್ಲ. ಅಷ್ಟಾದರೂ ನಮ್ಮಲ್ಲಿ ಮೂವರು 90,000ದ ಅಂಕಿಯನ್ನೇ ಬರೆದುಕೊಟ್ಟಿದ್ದರು! ದೊಡ್ಡ ಸಂಖ್ಯೆಗೆ ಕಿವಿ ಬೇಗ ಒಲಿಯುತ್ತದೆ. ನಿಯಮದಲ್ಲಿ ಎರಡನೆಯ ಪ್ಯಾರಾ ಏಕೆ ಇದೆ ಎಂದು ಆ ದಿನ ಎಲ್ಲರಿಗೂ ತಿಳಿಯಿತು.

ನನ್ನ ಎರಡನೆಯ ಪ್ಯಾರಾಕ್ಕೆ ನಾನು ಹೋದದ್ದು ನಿಮಗೆಲ್ಲ ಚಿರಪರಿಚಿತವಾದ ಲೆಮಾಂಟಿಗೆ. ಹೈವೇ 55 ಬಿಟ್ಟು ಲೆಮಾಂಟ್ ರಸ್ತೆಯಲ್ಲಿ ದೇವಸ್ಥಾನದ ಕಡೆ ಹೋಗುವಾಗ ಒಂದು ಎತ್ತರದ ಉದ್ದ ಸೇತುವೆ ಬರುತ್ತದಲ್ಲ, ಅದರ ಕೆಳಗೆ ಡೆಸ್ ಪ್ಲೇನ್ಸ್ ನದಿಯ ಪಕ್ಕದಲ್ಲೇ ನೇರ ಗೆರೆ ಎಳೆದಂತೆ ಹರಿಯುವುದೇ ಆ ಕಾಲುವೆ. ಹಿಂದಿನ ಸೀಟಿನಲ್ಲಿ ಹೂವು-ಹಣ್ಣು ಇಟ್ಟುಕೊಂಡು, ತಡವಾಯಿತೆಂದು ಗಡಿಯಾರ ನೋಡುತ್ತಾ ನಾವೆಲ್ಲ ದಾಟುವ ಸೇತುವೆ ಅದು. ಈ ಸಲ ದೇವಸ್ಥಾನಕ್ಕೆ ಹೋಗುವ ಮೊದಲು ಕೆಳಗಿಳಿದು, ಹಳೆಯ ಕಲ್ಲುಗಣಿಗಳ ಜಾಗದಲ್ಲಿ ಮಾಡಿರುವ ಕಾಲುದಾರಿಯಲ್ಲಿ ನಡೆದೆ. ಶಿಕಾಗೋದ ಹಳೆಯ ವಾಟರ್ ಟವರ್ ಕಟ್ಟಿದ ಹಳದಿ ಸುಣ್ಣಕಲ್ಲು ಈ ಕಡೆಯದೇ. ಕಾಲುವೆಯಲ್ಲಿ ಸರಕಿನ ದೋಣಿಗಳು ನಿಧಾನವಾಗಿ ತೇಲುತ್ತಿದ್ದವು. ಇಂದು ಈ ನೀರು ಶುದ್ಧೀಕರಣವಾಗಿ ಬರುತ್ತದೆ. 1900ರಲ್ಲಿ ಹಾಗಿರಲಿಲ್ಲ. ಕೆಳಗಿನ ಸೇಂಟ್ ಲೂಯಿಸ್‌ನವರು ನಮ್ಮ ಕುಡಿಯುವ ನೀರಿಗೆ ನಿಮ್ಮ ಕೊಳಚೆಯೇ ಎಂದು ಮಿಸ್ಸೂರಿ ರಾಜ್ಯದ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೇ ಹೋದರು. ಶಿಕಾಗೋದ ಸೂಕ್ಷ್ಮಾಣು ಸೇಂಟ್ ಲೂಯಿಸ್ ತಲುಪುತ್ತದೆಯೇ ಎಂದು ನೋಡಲು ಒಂದು ಬಗೆಯ ಬ್ಯಾಕ್ಟೀರಿಯಾವನ್ನು ಪೀಪಾಯಿಗಟ್ಟಲೆ ಕಾಲುವೆಗೆ ಸುರಿದು ಪರೀಕ್ಷಿಸಿದ್ದೂ ಆ ಮೊಕದ್ದಮೆಯಲ್ಲಿದೆ. 1906ರಲ್ಲಿ ಕೋರ್ಟು ಸಾಕ್ಷ್ಯ ಸಾಲದು ಎಂದು ದೂರು ತಳ್ಳಿಹಾಕಿತು.

ನನ್ನಲ್ಲಿ ಉಳಿದ ಪ್ರಶ್ನೆ, ಒಂದು ಊರು ಶುದ್ಧವಾದಾಗ ಅದರ ಹೊಲಸು ಯಾರ ಮನೆ ಬಾಗಿಲಿಗೆ ಹೋಗುತ್ತದೆ ಎಂಬುದು. ಇದನ್ನು ಬರೆಯುವಾಗ ಬೆಂಗಳೂರು ನೆನಪಾಗದೆ ಹೇಗಿರುತ್ತದೆ? 1898ರ ಪ್ಲೇಗಿನ ನಂತರ ಗಾಳಿ-ಬೆಳಕಿನ ಬಡಾವಣೆಗಳೆಂದು ಬಸವನಗುಡಿ, ಮಲ್ಲೇಶ್ವರ ಬೆಳೆದವು. ಅದೇ ಬಸವನಗುಡಿಯ ಕಡೆ ಹುಟ್ಟುವ ವೃಷಭಾವತಿ ಇಂದು ಊರಿನ ಕೊಳಚೆ ಹೊತ್ತು ಬೈರಮಂಗಲದ ಕೆರೆಗೆ ಸೇರುತ್ತದೆ. ಬೈರಮಂಗಲದ ರೈತರಿಗೂ ಸೇಂಟ್ ಲೂಯಿಸ್‌ನವರಿಗೂ ಒಂದೇ ದೂರು!

ಎರಡನೆಯ ಅತಿಥಿ ಎಪ್ಪತ್ತು ದಾಟಿದ ಆಫ್ರಿಕನ್-ಅಮೆರಿಕನ್ ಮಹಿಳೆ. ಬಾಲ್ಯವೆಲ್ಲ ರಾಬರ್ಟ್ ಟೇಲರ್ ಹೋಮ್ಸ್‌ನಲ್ಲಿ ಕಳೆದವರು. ಡ್ಯಾನ್ ರಯಾನ್ ಎಕ್ಸ್‌ಪ್ರೆಸ್‌ವೇಯಲ್ಲಿ ಹಿಂದೆ ಓಡಾಡಿದವರಿಗೆ ಪಕ್ಕದಲ್ಲಿ ಸಾಲಾಗಿ ನಿಂತಿದ್ದ ಆ ಕಟ್ಟಡಗಳು ನೆನಪಿರಬಹುದು. ಒಂದೊಂದೂ ಹದಿನಾರು ಅಂತಸ್ತಿನ 28 ಕಟ್ಟಡಗಳು, 4,400ರಷ್ಟು ಮನೆಗಳು. 1962ರಲ್ಲಿ ಮುಗಿದ, ಬಡವರಿಗಾಗಿ ಸರ್ಕಾರ ಕಟ್ಟಿಸಿದ ವಸತಿ. ಹೆಸರಿನಲ್ಲೇ ಒಂದು ವಿಪರ್ಯಾಸವಿದೆ. ರಾಬರ್ಟ್ ಟೇಲರ್ ನಗರದ ವಸತಿ ಪ್ರಾಧಿಕಾರದ ಮೊದಲ ಕಪ್ಪು ಅಧ್ಯಕ್ಷರು. ಬಿಳಿಯರು-ಕರಿಯರು ಬೆರೆತು ಬಾಳುವ ಹಾಗೆ ಊರಿನ ಬೇರೆಬೇರೆ ಕಡೆ ಮನೆ ಕಟ್ಟಬೇಕೆಂಬುದು ಅವರ ನಿಲುವು. ನಗರಸಭೆ ಒಪ್ಪದಿದ್ದಾಗ 1950ರಲ್ಲಿ ರಾಜೀನಾಮೆ ಕೊಟ್ಟರು. ಕೊನೆಗೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಪೇರಿಸಿಟ್ಟು ಅದಕ್ಕೆ ಅವರ ಹೆಸರನ್ನೇ ಇಟ್ಟರು.

ಆ ಅಮ್ಮ ಗುಂಡಿನ ಸದ್ದು, ಡ್ರಗ್ಸ್ ಇವುಗಳಿಂದ ಮಾತು ಶುರು ಮಾಡಲಿಲ್ಲ. ಹೊಸ ಮನೆಗೆ ಬಂದ ದಿನ ನಲ್ಲಿ ತಿರುಗಿಸಿದರೆ ಬಿಸಿನೀರು ಬಂತು ಎಂದು ತಾಯಿ ಅತ್ತದ್ದನ್ನು ಹೇಳಿದರು. ಅಂತಸ್ತಿನ ಉದ್ದದ ಹೊರಜಗುಲಿಯಲ್ಲಿ ಮಕ್ಕಳು ಸ್ಕೇಟಿಂಗ್ ಆಡಿದ್ದನ್ನು ಹೇಳಿದರು. ಲಿಫ್ಟು ಕೆಟ್ಟು, ರಿಪೇರಿ ಮಾಡುವವರು ಬಾರದೆ, ದಿನಸಿ ಚೀಲ ಹೊತ್ತು ಹದಿಮೂರು ಅಂತಸ್ತು ಹತ್ತಿದ್ದು ಆಮೇಲಿನ ಮಾತು. ಹೊರಡುವಾಗ ಒಂದು ವಿನಂತಿ ಮಾಡಿದರು: ನನ್ನ ಬಗ್ಗೆ ಮರುಕದಿಂದ ಬರೆಯಬೇಡಿ, ನಾನು ಹೇಳಿದ್ದನ್ನು ಬರೆಯಿರಿ.

ಅಂದಿನ ಪುಟಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನು ಬರೆದವರು ನಮ್ಮ ಬಸ್ ಡ್ರೈವರ್. ಅವರು ಬರೆದದ್ದು ಬರೀ ಲಿಫ್ಟಿನ ಬಗ್ಗೆ. ಹದಿನಾರು ಅಂತಸ್ತಿನ ಮನೆಗೆ ಲಿಫ್ಟೇ ಬೀದಿ, ಬೀದಿಯನ್ನು ದುರಸ್ತಿ ಮಾಡದ ಊರು ಬಾಳುವುದು ಹೇಗೆ ಎಂಬುದು ಅದರ ಸಾರ. ನಾನು ಒಂದು ಶನಿವಾರ ಸ್ಟೇಟ್ ಸ್ಟ್ರೀಟಿನಲ್ಲಿ 39ನೇ ಬೀದಿಯಿಂದ 54ರ ತನಕ ಎರಡು ಮೈಲಿ ನಡೆದೆ. ಸ್ವಲ್ಪ ಉತ್ತರಕ್ಕೆ, ನಮ್ಮವರ ಎಷ್ಟೋ ಮಕ್ಕಳು ಓದಿದ ಇಲಿನಾಯ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ. ಇತ್ತ ಕೆಲವು ಹೊಸ ಪುಟ್ಟ ಮನೆಗಳು, ಮಧ್ಯೆ ಮಧ್ಯೆ ಹುಲ್ಲು ಬೆಳೆದ ಬಯಲು. ಕೊನೆಯ ಕಟ್ಟಡ 2007ರಲ್ಲಿ ನೆಲಕ್ಕುರುಳಿತು. ಒಂದು ಕಾಲಕ್ಕೆ 27,000 ಜನ ಬಾಳಿದ ಜಾಗದಲ್ಲಿ ಅಂದು ನನಗೆ ಕೇಳಿದ್ದು ಹೆದ್ದಾರಿಯ ಭೋರ್ಗರೆತ ಮಾತ್ರ. ಅದೇ 2025ರ ಏಪ್ರಿಲ್‌ನಲ್ಲಿ ಊರಿನ ಪಶ್ಚಿಮಕ್ಕೆ, 1938ರ ಹಳೆಯ ಸರ್ಕಾರಿ ವಸತಿಯೊಂದರ ಉಳಿದ ಕಟ್ಟಡದಲ್ಲಿ, ರಾಷ್ಟ್ರೀಯ ಸಾರ್ವಜನಿಕ ವಸತಿ ಮ್ಯೂಸಿಯಂ ತೆರೆಯಿತು. ಅತಿಥಿಗಳು ಬಂದರೆ ಈಗ ಅಲ್ಲಿಗೂ ಕರೆದೊಯ್ಯಬಹುದು.

ಮೂರನೆಯ ಅತಿಥಿ ನಿವೃತ್ತ ಪಬ್ಲಿಕ್ ಹೆಲ್ತ್ ನರ್ಸ್. ಅವರ ವಿಷಯ 1995ರ ಜುಲೈ ತಿಂಗಳ ಬಿಸಿಲು. ಇದು ನನಗೆ ಕಿವಿಗೆ ಬಿದ್ದ ವಿಷಯವೇ. ನಾನು ರೆಸಿಡೆಂಟ್ ಆಗಿದ್ದಾಗ ರಾತ್ರಿ ಪಾಳಿಯ ನರ್ಸುಗಳು ಆ ವಾರದ ಮಾತನ್ನು ದನಿ ತಗ್ಗಿಸಿ ಹೇಳುತ್ತಿದ್ದರು. ಜುಲೈ 13ರಂದು ಮಿಡ್‌ವೇ ವಿಮಾನ ನಿಲ್ದಾಣದಲ್ಲಿ 106 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 41 ಸೆಲ್ಸಿಯಸ್. ರಾತ್ರಿಯೂ ತಂಪಾಗಲಿಲ್ಲ. ಕೆಲವೇ ದಿನಗಳಲ್ಲಿ, ಮಾಮೂಲಿಗಿಂತ ಹೆಚ್ಚಾಗಿ 739 ಜನ ಸತ್ತರು. ಶವಾಗಾರದಲ್ಲಿ ಜಾಗ ಸಾಲದೆ ಶೀತಲ ಲಾರಿಗಳನ್ನು ತರಿಸಬೇಕಾಯಿತು. ಸತ್ತವರಲ್ಲಿ ಹೆಚ್ಚಿನವರು ಮುದುಕರು. ಬಹಳ ಮಂದಿ ಒಂಟಿಯಾಗಿ, ಕಿಟಕಿ ಬಾಗಿಲು ಭದ್ರ ಮಾಡಿಕೊಂಡ ಕೋಣೆಗಳಲ್ಲಿ. ಹೆಣ ಕೇಳಲು ಯಾರೂ ಬಾರದವರೂ ಇದ್ದರು.

ಸಮಾಜಶಾಸ್ತ್ರಜ್ಞ ಎರಿಕ್ ಕ್ಲೈನೆನ್‌ಬರ್ಗ್ 2002ರಲ್ಲಿ ಈ ಬಗ್ಗೆ ಒಂದು ಪುಸ್ತಕ ಬರೆದರು. ಅಕ್ಕಪಕ್ಕದ ಎರಡು ಬಡಾವಣೆಗಳನ್ನು ಅವರು ಹೋಲಿಸುತ್ತಾರೆ. ನಾರ್ತ್ ಲಾನ್‌ಡೇಲ್‌ನಲ್ಲಿ ಲಕ್ಷಕ್ಕೆ 40 ಸಾವು. ಪಕ್ಕದ ಸೌತ್ ಲಾನ್‌ಡೇಲ್‌ನಲ್ಲಿ ಲಕ್ಷಕ್ಕೆ ನಾಲ್ಕಕ್ಕಿಂತ ಕಡಿಮೆ. ಎರಡರಲ್ಲೂ ಬಡವರಿದ್ದರು, ಒಂಟಿ ಮುದುಕರಿದ್ದರು. ವ್ಯತ್ಯಾಸ ಬೀದಿಯಲ್ಲಿತ್ತು ಎಂಬುದು ಅವರ ವಾದ. ಒಂದು ಕಡೆ ಅಂಗಡಿಗಳು, ಜನಸಂದಣಿ, ಹೊರಗೆ ಬರುವ ಧೈರ್ಯ. ಇನ್ನೊಂದು ಕಡೆ ಕಾರ್ಖಾನೆಗಳು ಹೋಗಿ, ಅಂಗಡಿಗಳು ಮುಚ್ಚಿ, ಖಾಲಿ ನಿವೇಶನಗಳು ಉಳಿದಿದ್ದವು. ಈ ವಾದವನ್ನು ಎಲ್ಲರೂ ಒಪ್ಪಿಲ್ಲ, ಮಿಚೆಲ್ ಡ್ಯೂನಿಯರ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞರು ಇದನ್ನು ಪ್ರಶ್ನಿಸಿದ್ದಾರೆ ಎಂದು ಅತಿಥಿಯೇ ಹೇಳಿದರು. ಆದರೆ 1996ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಬಂದ ವೈದ್ಯಕೀಯ ಅಧ್ಯಯನದ ಫಲಿತಾಂಶವೂ ಇದೇ ದಿಕ್ಕಿನದು. ಹಾಸಿಗೆ ಹಿಡಿದವರು, ಒಂಟಿಯಾಗಿದ್ದವರು, ಮನೆಯಿಂದ ಹೊರಬಾರದವರು ಹೆಚ್ಚು ಸತ್ತರು. ಏರ್ ಕಂಡಿಷನರ್ ಇದ್ದವರಂತೆಯೇ, ಹತ್ತಿರದಲ್ಲಿ ಸ್ನೇಹಿತರಿದ್ದವರೂ ಹೆಚ್ಚಾಗಿ ಉಳಿದುಕೊಂಡರು.

ನಾನು ಎರಡೂ ಬಡಾವಣೆಗಳಲ್ಲಿ ನಡೆದೆ. 26ನೇ ಬೀದಿಯ ಕಮಾನಿನಿಂದ ಆರಂಭಿಸಿದರೆ ನಮ್ಮ ಗಾಂಧಿ ಬಜಾರಿನ ಸಂಜೆಯ ಹಾಗೆ ಗಿಜಿಗಿಜಿ. ಜೋಳದ ಗಾಡಿ, ಬೇಕರಿ, ಮದುವೆ ಉಡುಪಿನ ಅಂಗಡಿ, ಕೋಲೂರಿಕೊಂಡು ಬ್ರೆಡ್ಡಿಗೆ ಬಂದ ಅಜ್ಜ. ಉತ್ತರಕ್ಕೆ ರೈಲು ಹಳಿ ದಾಟಿ 16ನೇ ಬೀದಿಗೆ ಬಂದಾಗ ಸದ್ದು ಕಡಿಮೆಯಾಗುತ್ತಾ ಬಂತು. ಸಿಯರ್ಸ್ ಕಂಪನಿಯ ಮುಖ್ಯ ಕಚೇರಿ ಒಮ್ಮೆ ಇಲ್ಲಿತ್ತು. ಮಾರ್ಟಿನ್ ಲೂಥರ್ ಕಿಂಗ್ 1966ರಲ್ಲಿ ಬಂದು ವಾಸಕ್ಕೆ ನಿಂತದ್ದೂ ಇಲ್ಲೇ. ಒಬ್ಬ ಹಿರಿಯರು ಮನೆಯ ಮೆಟ್ಟಿಲ ಮೇಲೆ ಕೂತಿದ್ದರು, ಕೈಯೆತ್ತಿ ಮಾತಾಡಿಸಿದರು. ಮುಂದಿನ ನಾಲ್ಕು ಬ್ಲಾಕಿನಲ್ಲಿ ಮತ್ತೊಬ್ಬರು ಕಾಣಲಿಲ್ಲ.

ಆ ಭಾನುವಾರ ಮೂರನೆಯ ಪ್ಯಾರಾ ಬರೆಯಲು ಕೂತಾಗ ನನ್ನ ಕಣ್ಣ ಮುಂದೆ ಬಂದದ್ದು ಲಾನ್‌ಡೇಲ್ ಅಲ್ಲ, ನಮ್ಮದೇ ಬೀದಿ. ಎಂಥ ಚೊಕ್ಕ ಬೀದಿ! ಹುಲ್ಲು, ಮೇಪಲ್ ಮರ, ಎರಡೆರಡು ಕಾರಿನ ಗ್ಯಾರೇಜು. ಅಂಗಡಿ ಮಾತ್ರ ಎರಡು ಮೈಲಿ ದೂರ. ಬಸ್ಸಿಲ್ಲ. ಬೆಳಗ್ಗೆ ಎಂಟಕ್ಕೆ ಮಗ-ಸೊಸೆ ಹೊರಟರೆ ಸಂಜೆ ಆರರ ತನಕ ಅಜ್ಜಿಗೆ ಧಾರಾವಾಹಿಯೇ ಸಂಗಾತಿ. ಇಂಥ ಅಜ್ಜಿಯರನ್ನು ನಾನು ಕ್ಲಿನಿಕ್ಕಿನಲ್ಲಿ ನೋಡುತ್ತಲೇ ಇದ್ದೇನೆ. "ಮಂಡಿ ನೋವು" ಎಂದು ಬರುತ್ತಾರೆ. ಪರೀಕ್ಷೆ ಮುಗಿದ ಮೇಲೂ ಎದ್ದು ಹೋಗುವುದಿಲ್ಲ. ಕನ್ನಡದಲ್ಲಿ ಮಾತಾಡುವವರು ಸಿಕ್ಕಿದ್ದಾರಲ್ಲ! ಇನ್ನು ನಮ್ಮ ಪೀಳಿಗೆಯೂ ಅರವತ್ತರ ಹೊಸ್ತಿಲಲ್ಲಿದೆ. ಮಕ್ಕಳು ಸಿಯಾಟಲ್, ಟೆಕ್ಸಾಸ್ ಎಂದು ಹರಡಿದ್ದಾರೆ. ನಾಲ್ಕು ಮಲಗುವ ಕೋಣೆಗಳ ಮನೆಯಲ್ಲಿ ಇಬ್ಬರು, ನಾಳೆ ಒಬ್ಬರು. ನಮ್ಮ ಮನೆಗಳಲ್ಲಿ ಎ.ಸಿ. ಇದೆ, ನಿಜ. ಕರೆಂಟು ಹೋದ ದಿನ ಅಥವಾ ಬಚ್ಚಲಲ್ಲಿ ಜಾರಿ ಬಿದ್ದ ದಿನ ಬಾಗಿಲು ತಟ್ಟುವವರು ಯಾರು? ಹೀಗೆ ಬರೆದು ಕಳಿಸಿದೆ. ಪುಟದ ಅಂಚಿನಲ್ಲಿ ಪ್ರೊಫೆಸರಮ್ಮ ಒಂದೇ ಸಾಲು ಬರೆದಿದ್ದರು: "ಒಳ್ಳೆಯ ಪ್ರಶ್ನೆ. ನಿಮ್ಮ ಬಳಿ ಯಾರ ಯಾರ ಫೋನ್ ನಂಬರ್ ಇದೆ?"

ಅದರ ಫಲವಾಗಿ ಆ ವರ್ಷದ ಜೂನ್‌ನಿಂದ ನಮ್ಮ ಬಡಾವಣೆಯ ಎಂಟು ಕನ್ನಡ ಮನೆಗಳು, ಮೂರು ತೆಲುಗು ಮನೆಗಳು, ಪಕ್ಕದ ಪೋಲಿಷ್ ಅಜ್ಜಿ ಸೇರಿ ಒಂದು ಪಟ್ಟಿ ಮಾಡಿದೆವು. ಬಿಸಿಲು 95 ದಾಟಿದ ದಿನ ಅಥವಾ ಹಿಮಪಾತದ ದಿನ ಒಬ್ಬೊಬ್ಬರು ಇಬ್ಬಿಬ್ಬರಿಗೆ ಫೋನ್ ಮಾಡಬೇಕು. ಎತ್ತದಿದ್ದರೆ ಹೋಗಿ ಬಾಗಿಲು ತಟ್ಟಬೇಕು. ಇಷ್ಟು ಸಣ್ಣ ಕೆಲಸದಿಂದ ಏನಾದೀತು ಎನ್ನಬೇಡಿ. 1999ರಲ್ಲಿ ಮತ್ತೆ ಬಿಸಿಲು ಬಂದಾಗ ಶಿಕಾಗೋ ನಗರ ಮಾಡಿದ್ದರಲ್ಲಿ ಮುಖ್ಯವಾದದ್ದೇ ಇದು. ಒಂಟಿ ಹಿರಿಯರಿಗೆ ಫೋನ್ ಮಾಡಿಸಿತು, ಮನೆಗಳಿಗೆ ಜನರನ್ನು ಕಳಿಸಿತು. ಆ ಸಲ ಸಾವು ನೂರರ ಆಸುಪಾಸಿಗೆ ಇಳಿಯಿತು. ಇಂದಿಗೂ ನಗರದೊಳಗೆ 311ಕ್ಕೆ ಕರೆ ಮಾಡಿದರೆ ಹಿರಿಯರನ್ನು ವಿಚಾರಿಸಿ ಬರುತ್ತಾರೆ.

ವೈದ್ಯನಾಗಿ ಎರಡು ಮಾತು. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದು ಕಡಿಮೆ, ಬೆವರುವುದೂ ಕಡಿಮೆ. ಬಿ.ಪಿ.ಗೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆ, ಕೆಲವು ಅಲರ್ಜಿ ಮಾತ್ರೆ, ಕೆಲವು ಮನೋರೋಗದ ಮಾತ್ರೆಗಳು ಬಿಸಿಲಿನಲ್ಲಿ ಅಪಾಯವನ್ನು ಹೆಚ್ಚಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ. ತೀವ್ರ ಸೆಕೆಯಲ್ಲಿ ಬರೀ ಫ್ಯಾನ್ ಸಾಲದು. ಹಿರಿಯರ ಮಾತು ತೊದಲಿದರೆ, ಗೊಂದಲವಾದರೆ, ನಿದ್ದೆಯೆಂದು ಬಿಡಬೇಡಿ, ಕೂಡಲೇ 911.

ಇನ್ನು ನಮ್ಮ ಕೂಟಕ್ಕೆ ಒಂದು ಸಲಹೆ. ಪ್ರತಿ ಹಬ್ಬಕ್ಕೂ ನಾವು ಕರ್ನಾಟಕದಿಂದ ಅತಿಥಿಗಳನ್ನು ಕರೆಸುತ್ತೇವೆ, ಶಾಲು ಹೊದಿಸಿ ಹಾರ ಹಾಕುತ್ತೇವೆ, ಕರೆಸಲೇಬೇಕು. ಅದರ ಜೊತೆಗೆ ವರ್ಷಕ್ಕೆ ಎರಡು ಸಲವಾದರೂ ಈ ಊರನ್ನು ಬಲ್ಲವರನ್ನು ಕರೆಸೋಣ. ನದಿಯ ಎಂಜಿನಿಯರ್, ಬಸ್ ಡ್ರೈವರ್, ಪಬ್ಲಿಕ್ ಹೆಲ್ತ್ ನರ್ಸ್. 1970ರ ದಶಕದಲ್ಲಿ ಇಲ್ಲಿಗೆ ಬಂದ ನಮ್ಮವರೇ ಆದ ಹಿರಿಯರನ್ನೂ ಕುರ್ಚಿ ಹಾಕಿ ಕೂರಿಸಿ ಕೇಳೋಣ. ಅವರ ಶಿಕಾಗೋ ಯಾವ ಮ್ಯೂಸಿಯಮ್ಮಿನಲ್ಲೂ ಇಲ್ಲ. ಕನ್ನಡ ಶಾಲೆಯ ಮಕ್ಕಳು ಮೂರು ಪ್ಯಾರಾ ಬರೆಯಲಿ: ಕೇಳಿದ್ದು, ನೋಡಿದ್ದು, ಉಳಿದದ್ದು. ಕಾಗುಣಿತ ತಪ್ಪಿದರೂ ಅಡ್ಡಿಯಿಲ್ಲ. ಒಳ್ಳೆಯವನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕೋಣ.

ಕಾರ್ಯಕಾರಿ ಸಮಿತಿಯವರು ದೊಡ್ಡ ಮನಸ್ಸು ಮಾಡಿ ನನಗೆ ಒಂದು ಅನುಮತಿ ಕೊಟ್ಟಿದ್ದಾರೆ. ರಾಜ್ಯೋತ್ಸವದ ದಿನ ನೋಂದಣಿ ಮೇಜಿನ ಮೇಲೆ, ಊಟದ ಕೂಪನ್ನುಗಳ ಪಕ್ಕದಲ್ಲಿ, ಒಂದು ಉದ್ದನೆಯ ನೋಟ್‌ಬುಕ್ ಇರುತ್ತದೆ. ಅದರಲ್ಲಿ ನಿಮ್ಮ ಮನೆಯ ಹಿರಿಯರ ಹೆಸರು, ನಿಮ್ಮ ಬಡಾವಣೆ, ಹಗಲು ಹೊತ್ತಿನಲ್ಲಿ ಎತ್ತುವ ಒಂದು ಫೋನ್ ನಂಬರ್ ಬರೆಯಿರಿ. ಅದರ ಪಕ್ಕದ ಸಾಲಿನಲ್ಲಿ, ನೀವು ಯಾರ ಬಾಗಿಲು ತಟ್ಟಬಲ್ಲಿರಿ ಎಂಬುದನ್ನೂ ಬರೆಯಿರಿ. ಪೆನ್ನು ಅಲ್ಲೇ ಇರುತ್ತದೆ.